ಚಳಿ ಬರೋತನಕ ಬೀಜ ಮುಟ್ಬೇಡಿ: ಕುಂಡದಲ್ಲಿ ಪ್ಯಾನ್ಸಿ, ಪಿಟೂನಿಯಾ ಹೂಗಿಡ ಬೆಳೆಸಿದ ನನ್ನ ಅನುಭವ

ಮೊದಲನೇ ವರ್ಷ ಕೆಡಿಸಿದ್ದು ನನ್ನ ಆತುರಾನೇ. ಬಿಸಿಲಿನ್ನೂ ಸುಡ್ತಿರೋವಾಗ್ಲೇ ಪ್ಯಾನ್ಸಿ ಬೀಜ ಹಾಕ್ಬಿಟ್ಟೆ, ಮೂರು ವಾರ ಕಾದ್ರೂ ಒಂದೂ ಮೊಳಕೆ ಇಲ್ಲ, ಬೀಜಾನೇ ಸರಿ ಇಲ್ಲ ಅಂತ ಬೈಕೊಂಡೆ. ಆಮೇಲೆ ಗೊತ್ತಾಯ್ತು, ಅದಕ್ಕೆ ಮಣ್ಣು 18-20 ಡಿಗ್ರಿ ಇದ್ರೆ ಖುಷಿ, 25 ದಾಟಿದ್ರೆ ಮುನಿಸ್ಕೊಂಡು ಕೂರತ್ತೆ ಅಂತ. ಪ್ಯಾಕೆಟ್ಟಲ್ಲಿ ಉಳಿದಿದ್ದನ್ನ ರಾತ್ರಿ ಹೊದ್ಕೊಳ್ಳೋಷ್ಟು ಚಳಿ ಬಿದ್ಮೇಲೆ ಹಾಕ್ದೆ, 12ನೇ ದಿನಕ್ಕೆ ತಲೆ ಎತ್ತಿದ್ವು.

ಇನ್ನೊಂದು ಎಡವಟ್ಟು, ಎಲ್ಲಾ ಬೀಜನೂ ಒಂದೇ ಥರ ಹೂತಿದ್ದು. ಪ್ಯಾನ್ಸಿಗೆ ಕತ್ತಲೆ ಬೇಕು, ತೆಳ್ಳಗೆ ಮಣ್ಣು ಮುಚ್ಚಿ ಮೇಲೊಂದು ರಟ್ಟು ಇಡ್ತೀನಿ, ಮೊದಲ ಮೊಳಕೆ ಕಂಡ ತಕ್ಷಣ ತೆಗೀತೀನಿ. ಪಿಟೂನಿಯಾ ಉಲ್ಟಾ, ಅದಕ್ಕೆ ಬೆಳಕು ಬೇಕು, ಬೀಜ ನಶ್ಯದ ಪುಡಿ ಥರ ಇರತ್ತೆ, ಸಣ್ಣ ಮರಳಿಗೆ ಬೆರೆಸಿ ಮೇಲೇ ಉದುರಿಸಿ ಸ್ಪ್ರೇ ಮಾಡೋದಷ್ಟೆ. ಸ್ನ್ಯಾಪ್‌ಡ್ರಾಗನ್ ಅನ್ನೋ ಹೂಗಿಡಕ್ಕೂ ಇದೇ ಉಪಚಾರ.

ಹುಟ್ಟಿದ್ಮೇಲೆ ಅಸಲಿ ಕಾಟ. ರಾತ್ರಿ ನೆಟ್ಟಗಿದ್ದ ಸಸಿಗಳು ಬೆಳಗ್ಗೆ ನೋಡಿದ್ರೆ ಬುಡದಲ್ಲಿ ದಾರದ ಥರ ಸಣ್ಣಗಾಗಿ ಮಲಗಿರ್ತವೆ, ಒಂದು ಟ್ರೇನಲ್ಲಿ ಅರ್ಧಕ್ಕರ್ಧ ಹೀಗೇ ಹೋಯ್ತು, ನಾನು ಪ್ರೀತಿಯಿಂದ ದಿನಕ್ಕೆರಡು ಸಲ ನೀರು ಹಾಕ್ತಿದ್ನಲ್ಲ, ಅದೇ ಮುಳುವಾಗಿದ್ದು. ಈಗ ತೋಟದ ಮಣ್ಣು ಬಿಟ್ಟು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಕಾಂಪೋಸ್ಟ್ ಸಮಸಮ ಬೆರೆಸ್ತೀನಿ, ಮೇಲ್ಗಡೆ ಒಣಗಿದ್ರೆ ಮಾತ್ರ ಟ್ರೇನ ಕಾಲು ಗಂಟೆ ನೀರಲ್ಲಿ ಕೂರಿಸಿ ತಳದಿಂದ ಹೀರ್ಕೊಳ್ಳೋಕೆ ಬಿಡ್ತೀನಿ. ಗಾಳಿನೂ ಆಡ್ಬೇಕು.

ಇಷ್ಟೆಲ್ಲ ತಾಳ್ಮೆ ಇಲ್ದೋರು ಸಸಿನೇ ತನ್ನಿ, ತಪ್ಪೇನಿಲ್ಲ, ಆದ್ರೆ ಮೈತುಂಬ ಹೂ ಬಿಟ್ಟಿರೋದಕ್ಕೆ ಮರುಳಾಗ್ಬೇಡಿ, ಮೊಗ್ಗಿರೋ ಕುಳ್ಳ ಗಿಡ ತಗೊಳ್ಳಿ, ಬೇರು ಕುಂಡದ ತಳದಿಂದ ಹೊರಗೆ ಇಣುಕ್ತಾ ಇದ್ರೆ ಬೇಡ.

ಬೀಜದ ಸಸಿಗೆ ನಾಲ್ಕೈದು ನಿಜವಾದ ಎಲೆ (ಮೊಳಕೆಯ ಮೊದಲ ಜೋಡಿ ಬಿಟ್ಟು ಆಮೇಲೆ ಬರೋವು) ಬಂದ್ಮೇಲೆ ಕುಂಡಕ್ಕೆ, 8 ಇಂಚಿನದ್ರಲ್ಲಿ ಮೂರು ಪ್ಯಾನ್ಸಿ ಆರಾಮಾಗಿ ಹಿಡೀತವೆ. ಪಿಟೂನಿಯಾದ ತುದಿ ಚಿವುಟೋಕೆ ಮೊದ್ಲು ಕರುಳು ಚುರ್ ಅಂತಿತ್ತು, ಚಿವುಟದೇ ಬಿಟ್ಟ ಒಂದು ಗಿಡ ಕೋಲಿನ ಹಾಗೆ ಉದ್ದ ಬೆಳೆದು ತುದೀಲಿ ಎರಡೇ ಹೂ ಬಿಟ್ಟಾಗ ಆ ಕನಿಕರ ಹೋಯ್ತು. ಬಾಡಿದ ಹೂವನ್ನ ತೊಟ್ಟು ಸಮೇತ ಕೀಳ್ತಾ ಇರಿ, ಬೀಜ ಕಟ್ಟೋಕೆ ಬಿಟ್ರೆ ಹೊಸ ಮೊಗ್ಗು ಕಮ್ಮಿ ಆಗತ್ತೆ.

ಬಿಸಿಲು ಏರಿದ್ಮೇಲೆ ಪ್ಯಾನ್ಸಿ ಸೊರಗತ್ತೆ, ಆಗ ನೆರಳಿಗೆ ಇಟ್ರೂ ನಾಲ್ಕು ದಿನ ಜಾಸ್ತಿ ಅಷ್ಟೆ, ನಾನು ಕಿತ್ತು ಕಾಂಪೋಸ್ಟಿಗೆ ಹಾಕ್ತೀನಿ. ಪಿಟೂನಿಯಾನ ಮಾತ್ರ ಅರ್ಧಕ್ಕೆ ಕತ್ತರಿಸಿದ್ದೆ, ಮತ್ತೆ ಚಿಗುರಿ ಇನ್ನೊಂದು ಸುತ್ತು ಹೂ ಕೊಡ್ತು.