ಉಬುಂಟುವಿನಲ್ಲಿ ಪೋಸ್ಟ್‌ಗ್ರೆಸ್: ಮೊದಲು ಲೊಕೇಲ್ ನೋಡಿ

ಉಬುಂಟು 24.04ರಲ್ಲಿ ಆಪ್ಟ್ ಎಂಬ ಪ್ಯಾಕೇಜ್ ಕಮಾಂಡ್ ಮೂಲಕ ಪೋಸ್ಟ್‌ಗ್ರೆಸ್ ಡೇಟಾಬೇಸ್ ಹಾಕಿದರೆ 16ನೇ ಆವೃತ್ತಿ ಬರುತ್ತದೆ. ಇನ್‌ಸ್ಟಾಲ್ ಕಮಾಂಡ್ ಕೊಡುವ ಮುಂಚೆ ನಾನು ಟರ್ಮಿನಲ್‌ನಲ್ಲಿ ‘ಲೊಕೇಲ್’ (ಸಿಸ್ಟಮ್‌ನ ಭಾಷೆ, ಅಕ್ಷರಗಳ ಸೆಟ್ಟಿಂಗ್) ಎಂದು ಕೊಟ್ಟು ನೋಡಿಕೊಳ್ಳುತ್ತೇನೆ. ಪ್ಯಾಕೇಜು ‘ಮೇನ್’ ಎಂಬ ಕ್ಲಸ್ಟರನ್ನು (ಒಂದು ಸರ್ವರ್ ನಡೆಸುವ ಡೇಟಾಬೇಸ್‌ಗಳ ಗುಂಪು) ತಾನಾಗಿ ಕಟ್ಟುವಾಗ ಆ ಹೊತ್ತಿನ ಲೊಕೇಲನ್ನೇ ಹಿಡಿದುಕೊಳ್ಳುತ್ತದೆ. ಕಂಟೈನರ್‌ಗಳಲ್ಲಿ ಅದು ಎಷ್ಟೋ ಸಲ ಬರೀ ‘ಸಿ’ ಅಥವಾ ‘ಪೊಸಿಕ್ಸ್’ ಇರುತ್ತದೆ. ಹಾಗಿದ್ದರೆ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಬಗೆ, ಯುಟಿಎಫ್-8 ಆಗದೆ ಎಸ್‌ಕ್ಯೂಎಲ್ ಆಸ್ಕಿ ಆಗಿ ಕೂರುತ್ತದೆ.

ಇದು ಬೇಗ ಗೊತ್ತಾಗುವುದೂ ಇಲ್ಲ. ಕನ್ನಡ ಹಾಕಿದರೆ ಒಳಗೆ ಹೋಗುತ್ತದೆ, ತೆಗೆದರೆ ಸರಿಯಾಗಿಯೇ ಕಾಣುತ್ತದೆ. ‘ಕನ್ನಡ’ ಎಂಬ ಪದಕ್ಕೆ ಲೆಂಗ್ತ್ ಫಂಕ್ಷನ್ ಕೊಟ್ಟು ನೋಡಿ. ಯುಟಿಎಫ್-8 ಇದ್ದರೆ ಉತ್ತರ 5: ಕ, ನ, ಹಲಂತ, ನ, ಡ. ಇಲ್ಲದಿದ್ದರೆ 15, ಏಕೆಂದರೆ ಆಗ ಎಣಿಕೆಯಾಗುವುದು ಬೈಟುಗಳು, ಒಂದೊಂದಕ್ಕೂ ಮೂರರಂತೆ. 30ರ ಮಿತಿಯ ವಾರ್‌ಚಾರ್ (ಪಠ್ಯದ) ಕಾಲಂನಲ್ಲಿ ‘ಹೆಸರು ಉದ್ದವಾಯಿತು’ ಎಂಬ ಎರರ್ ಹತ್ತು ಚಿಹ್ನೆ ದಾಟಿದ ಕೂಡಲೇ ಬರುತ್ತದೆ.

ಇರುವ ಡೇಟಾಬೇಸಿನ ಎನ್‌ಕೋಡಿಂಗನ್ನು ಬದಲಿಸಲು ಬರುವುದಿಲ್ಲ. ಕ್ಲಸ್ಟರ್ ಇನ್ನೂ ಖಾಲಿ ಇದ್ದರೆ ಪಿಜಿ ಡ್ರಾಪ್‌ಕ್ಲಸ್ಟರ್‌ನಿಂದ ಅಳಿಸಿ, ಪಿಜಿ ಕ್ರಿಯೇಟ್‌ಕ್ಲಸ್ಟರ್‌ಗೆ ‘ಸಿ ಡಾಟ್ ಯುಟಿಎಫ್-8’ ಲೊಕೇಲ್ ಕೊಟ್ಟು ಹೊಸದಾಗಿ ಮಾಡುವುದೇ ಚೊಕ್ಕ. ಡೇಟಾ ಇದ್ದರೆ ಮೊದಲು ಡಂಪ್ (ಬ್ಯಾಕಪ್ ಪ್ರತಿ) ತೆಗೆಯಿರಿ. ಡ್ರಾಪ್ ಮಾಡಿದರೆ ಫೈಲುಗಳೂ ಹೋಗುತ್ತವೆ.

ಮುಂದೆ, ಪೋಸ್ಟ್‌ಗ್ರೆಸ್ ಯೂಸರ್ ಆಗಿ ಆ್ಯಪ್‌ಗೊಂದು ರೋಲ್ (ಡೇಟಾಬೇಸಿನೊಳಗಿನ ಖಾತೆ) ಮಾಡಿ, ಡೇಟಾಬೇಸನ್ನು ಆ ರೋಲ್‌ನ ಒಡೆತನದಲ್ಲೇ ಸೃಷ್ಟಿಸಿ. 15ನೇ ಆವೃತ್ತಿಯಿಂದ ಪಬ್ಲಿಕ್ ಸ್ಕೀಮಾದಲ್ಲಿ (ಟೇಬಲ್‌ಗಳು ಮಾಮೂಲಾಗಿ ಕೂರುವ ಜಾಗ) ಎಲ್ಲರಿಗೂ ಟೇಬಲ್ ಮಾಡುವ ಹಕ್ಕಿಲ್ಲ. ಹಾಗಾಗಿ ಡೇಟಾಬೇಸಿನ ಹಕ್ಕು ಕೊಡುವ ‘ಗ್ರಾಂಟ್ ಆಲ್ ಆನ್ ಡೇಟಾಬೇಸ್’ ಕಮಾಂಡ್ ಒಂದೇ ಸಾಲದು. ‘ಪೀರ್ ಅಥೆಂಟಿಕೇಶನ್ ಫೇಲ್ಡ್’ ಬಂದರೆ ಲಿನಕ್ಸ್ ಯೂಸರ್ ಹೆಸರೂ ರೋಲ್ ಹೆಸರೂ ಬೇರೆಬೇರೆ ಎಂದರ್ಥ. ಹೋಸ್ಟ್ ಜಾಗದಲ್ಲಿ ಲೋಕಲ್‌ಹೋಸ್ಟ್ ಕೊಟ್ಟರೆ ಪಾಸ್‌ವರ್ಡ್ ಕೇಳುತ್ತದೆ, ಅಷ್ಟೇ. ಇಷ್ಟಕ್ಕೆ, ಯಾರನ್ನು ಹೇಗೆ ಒಳಬಿಡಬೇಕೆಂದು ಹೇಳುವ ಎಚ್‌ಬಿಎ ಫೈಲಿನಲ್ಲಿ ‘ಟ್ರಸ್ಟ್’ (ಪಾಸ್‌ವರ್ಡ್ ಕೇಳದೆ ಒಳಬಿಡು) ಎಂದು ಬರೆಯುವವರಿದ್ದಾರೆ. ಬೀಗ ತೆಗೆದಿಟ್ಟ ಹಾಗೆ.

ಶೇರ್ಡ್ ಬಫರ್ಸ್, ಅಂದರೆ ಪೋಸ್ಟ್‌ಗ್ರೆಸ್ ಡೇಟಾ ಇಟ್ಟುಕೊಳ್ಳುವ ಮೆಮೊರಿ, ಡೀಫಾಲ್ಟ್ 128 ಎಂಬಿ. ಡೇಟಾಬೇಸಿಗೇ ಮೀಸಲಾದ 8 ಜಿಬಿ ಮೆಷಿನ್ನಿನಲ್ಲಿ 2 ಜಿಬಿ ಇಡುತ್ತೇನೆ. ಇದಕ್ಕೆ ರೀಲೋಡ್ ಸಾಲದು, ರೀಸ್ಟಾರ್ಟ್ ಬೇಕು. ಆಮೇಲೆ ಸರ್ವೀಸ್‌ಗಳ ಸ್ಥಿತಿ ಹೇಳುವ ಸಿಸ್ಟಮ್‌ಸಿಟಿಎಲ್ ‘ಆ್ಯಕ್ಟಿವ್, ಎಕ್ಸಿಟೆಡ್’ ಎಂದರೆ ಗಾಬರಿ ಬೇಡ, ಅದು ಹೊದಿಕೆಯ ಸರ್ವೀಸ್ ಮಾತ್ರ. ನಿಜಸ್ಥಿತಿ ಪಿಜಿ ಎಲ್‌ಎಸ್‌ಕ್ಲಸ್ಟರ್ಸ್ ಹೇಳುತ್ತದೆ. ಅದರಲ್ಲಿ ಪೋರ್ಟ್ 5433 ಎಂದಿದ್ದರೆ, ಮಾಮೂಲಿ ಪೋರ್ಟಾದ 5432ನ್ನು ಇನ್ನೊಂದು ಕ್ಲಸ್ಟರ್ ಹಿಡಿದಿರುವ ಸಾಧ್ಯತೆಯೇ ಹೆಚ್ಚು.