ಬಿ.ಪಿ. ಮಾತ್ರೆ ಶುರುವಾಗಿದೆಯೇ? ಇನ್ನು ಮನೆಯಲ್ಲಿ ಮಾಡಬೇಕಾದ್ದು

ಡಾಕ್ಟರು ಬಿ.ಪಿ. ಇದೆ ಎಂದು ಚೀಟಿ ಬರೆದುಕೊಟ್ಟರು. ಒಂದು ತಿಂಗಳು ಮಾತ್ರೆ ನುಂಗಿ ಮತ್ತೆ ನೋಡಿಸಿದರೆ 126/80. ಸರಿಹೋಯ್ತಲ್ಲ ಎಂದು ಅಲ್ಲಿಗೇ ಮಾತ್ರೆ ಬಿಟ್ಟುಬಿಡುವವರು ನಮ್ಮಲ್ಲಿ ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ಆ 126 ಬಂದಿರುವುದೇ ಮಾತ್ರೆಯಿಂದ. ಬಿಟ್ಟರೆ ಮತ್ತೆ ಏರುತ್ತದೆ, ಅದೂ ತಲೆನೋವು, ತಲೆಸುತ್ತು ಏನೂ ಇಲ್ಲದೆ ಏರುವುದರಿಂದ ನಿಮಗೆ ಗೊತ್ತೇ ಆಗುವುದಿಲ್ಲ.

ಮೊದಲು ಸರಿಯಾಗಿ ಅಳೆಯುವುದನ್ನು ಕಲಿಯಿರಿ. ತೋಳಿಗೆ ಪಟ್ಟಿ ಸುತ್ತುವ ಮಶೀನ್ ತನ್ನಿ, ಮಣಿಕಟ್ಟಿನದು ಬೇಡ. ಅರ್ಧ ಗಂಟೆ ಮೊದಲಿನಿಂದ ಕಾಫಿ, ಸಿಗರೇಟು ಮುಟ್ಟಬೇಡಿ. ಮೂತ್ರಕ್ಕೆ ಹೋಗಿ ಬನ್ನಿ. ಕುರ್ಚಿಗೆ ಒರಗಿ, ಎರಡೂ ಪಾದ ನೆಲಕ್ಕೆ ಊರಿ, ಐದು ನಿಮಿಷ ಸುಮ್ನೆ ಕುಳಿತ ಮೇಲೆ, ಕೈಯನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇಟ್ಟು, ಬರಿ ತೋಳಿಗೆ ಪಟ್ಟಿ ಸುತ್ತಿ. ಆಗ ಮಾತಾಡಬೇಡಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆದಿಡಿ. ಬೆಳಿಗ್ಗೆ ಮಾತ್ರೆಗೆ ಮೊದಲು ಒಮ್ಮೆ, ಸಂಜೆ ಒಮ್ಮೆ, ಹೀಗೆ ಒಂದು ವಾರ. ಆಸ್ಪತ್ರೆಯಲ್ಲಿ 140/90 ಇದ್ದರೆ ಜಾಸ್ತಿ ಎನ್ನುತ್ತಾರೆ, ಮನೆಯ ಸರಾಸರಿಗೆ ಆ ಗೆರೆ 135/85.

ಮಾತ್ರೆಯನ್ನು ದಿನಾ ಒಂದೇ ಹೊತ್ತಿಗೆ ತಗೊಳ್ಳಿ. ಹಲ್ಲುಜ್ಜಿದ ತಕ್ಷಣ ಎಂದು ಇಟ್ಟುಕೊಂಡರೆ ಮರೆಯುವುದು ಕಡಿಮೆ. ಮರೆತರೆ ನೆನಪಾದಾಗ ನುಂಗಿ, ಮರುದಿನದ ಹೊತ್ತೇ ಬಂದುಬಿಟ್ಟಿದ್ದರೆ ಹಿಂದಿನದನ್ನು ಬಿಡಿ, ಎರಡು ಒಟ್ಟಿಗೆ ಬೇಡವೇ ಬೇಡ. ಆಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದಿಕೊಳ್ಳುತ್ತದೆ, ರಾಮಿಪ್ರಿಲ್, ಎನಾಲಪ್ರಿಲ್‌ನಿಂದ ಒಣಕೆಮ್ಮು ಬರುತ್ತದೆ. ಆಗಲೂ ನೀವಾಗಿ ನಿಲ್ಲಿಸದೆ ಡಾಕ್ಟರಿಗೆ ಹೇಳಿ, ಬೇರೆ ಮಾತ್ರೆಗಳು ಬೇಕಾದಷ್ಟಿವೆ. ಅಟೆನೊಲಾಲ್, ಮೆಟೊಪ್ರೊಲಾಲ್‌ಗಳನ್ನಂತೂ ದಿಢೀರನೆ ಬಿಡುವುದು ಹೃದಯಕ್ಕೇ ಅಪಾಯ. ಮಗುವಿನ ಯೋಚನೆಯಲ್ಲಿರುವ ಹೆಣ್ಣುಮಕ್ಕಳು ಅದನ್ನು ಮೊದಲೇ ತಿಳಿಸಬೇಕು, ಯಾಕೆಂದರೆ ಟೆಲ್ಮಿಸಾರ್ಟನ್, ರಾಮಿಪ್ರಿಲ್ ಬಸಿರಿನಲ್ಲಿ ಕೂಡದು.

ಇನ್ನೊಂದು ಮಾತು. ಮಂಡಿನೋವಿಗೆಂದು ಮೆಡಿಕಲ್ ಶಾಪಿನಿಂದ ತಂದು ನುಂಗುತ್ತೀರಲ್ಲ ಡೈಕ್ಲೊಫೆನಾಕ್, ಐಬುಪ್ರೊಫೆನ್, ಇವೂ ಬಿ.ಪಿ. ಏರಿಸುತ್ತವೆ. ಕೇಳದೆ ತಗೊಳ್ಳಬೇಡಿ. ದುಡ್ಡಿನ ತೊಂದರೆಯಿಂದ ದಿನ ಬಿಟ್ಟು ದಿನ ನುಂಗುವವರಿದ್ದಾರೆ. ಅದರ ಬದಲು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕೇಳಿ, ಬಿ.ಪಿ. ಮಾತ್ರೆ ಉಚಿತವಾಗಿ ಕೊಡುತ್ತಾರೆ. ಜನೌಷಧಿ ಅಂಗಡಿಯಲ್ಲೂ ಕಡಿಮೆ ಬೆಲೆಗೆ ಸಿಗುತ್ತವೆ.

ಈಗ ಉಪ್ಪು. ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೊಸ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಕು ಬರೆಯಿರಿ. ನಾಲ್ಕು ಜನರ ಮನೆಗೆ ದಿನಕ್ಕೆ 20 ಗ್ರಾಂ ಎಂದರೂ ಒಂದು ಕೆ.ಜಿ. ಉಪ್ಪು 50 ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸು, ಒಣಮೀನು, ಬೇಕರಿಯ ಖಾರಾ ಮಿಕ್ಸ್ಚರ್ ಇವೆಲ್ಲ ಲೆಕ್ಕದ ಹೊರಗಿನ ಉಪ್ಪು, ಹಾಗಾಗಿ ಇನ್ನೂ ಜಾಸ್ತಿ ದಿನ ಬಂದರೇ ಸರಿ. ತಿಂಗಳೊಳಗೇ ಖಾಲಿಯಾಯಿತೇ? ಸಾರು, ಪಲ್ಯಕ್ಕೆ ಹಾಕುವುದರಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬನ್ನಿ, ಕೆಲವು ವಾರಗಳಲ್ಲಿ ನಾಲಿಗೆ ಒಗ್ಗುತ್ತದೆ. ಅನ್ನ, ಚಪಾತಿ ಹಿಟ್ಟು, ಮಜ್ಜಿಗೆಗೆ ಉಪ್ಪೇ ಬೇಡ. ಕಲ್ಲುಪ್ಪು, ಸೈಂಧವ ಲವಣ ತಂದರೆ ಪ್ರಯೋಜನವಿಲ್ಲ, ಅವೂ ಸೋಡಿಯಂ ಉಪ್ಪೇ. ಪೊಟ್ಯಾಶಿಯಂ ಬೆರೆಸಿದ ಕಡಿಮೆ ಸೋಡಿಯಂ ಉಪ್ಪು ಕೆಲವರಿಗೆ ಒಳ್ಳೆಯದು, ಆದರೆ ಕಿಡ್ನಿ ತೊಂದರೆ ಇರುವವರು, ಟೆಲ್ಮಿಸಾರ್ಟನ್‌ನಂಥ ಮಾತ್ರೆ ತಗೊಳ್ಳುವವರು ಕೇಳಿಯೇ ಬಳಸಬೇಕು.

ವಾರದಲ್ಲಿ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ತೂಕ ಜಾಸ್ತಿಯಿದ್ದರೆ ಇಳಿಸಿ. ತಂಬಾಕು ಪೂರ್ತಿ ಬಿಡಿ, ಕುಡಿತವನ್ನೂ ಬಿಟ್ಟರೆ ಒಳ್ಳೆಯದು. ಇವುಗಳಿಂದ ಬಿ.ಪಿ. ಚೆನ್ನಾಗಿ ಇಳಿದು ಡಾಕ್ಟರೇ ಡೋಸ್ ಕಡಿಮೆ ಮಾಡುವುದುಂಟು. ಆ ತೀರ್ಮಾನ ಅವರದಾಗಿರಲಿ.

180/120 ದಾಟಿ ಎದೆನೋವು, ಉಸಿರಾಟದ ಕಷ್ಟ ಕಂಡರೆ ಕಾಯಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ. ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು ಶುರುವಾದರಂತೂ ಮಶೀನ್ ಏನೇ ತೋರಿಸಲಿ, ಅಳೆಯುತ್ತಾ ಕೂರದೆ ಹೊರಡಿ.