9 ಅಡಿ ಅಗಲದ ಹಳೆ ಮಾಳಿಗೆಯಲ್ಲಿ ಆರು ಜನ ಕೂರುವ ಕಚೇರಿ

ಹುಬ್ಬಳ್ಳಿಯ ದುರ್ಗದಬೈಲು, ಜವಳಿ ಸಾಲಿನಂಥ ಹಳೆ ಪೇಟೆಗಳಲ್ಲಿ ಅಂಗಡಿಯ ಮೇಲಿನ ಜಾಗ ಸಿಕ್ಕರೆ ಅದು ಹೆಚ್ಚಾಗಿ ರೈಲು ಡಬ್ಬಿಯಂತೆ ಉದ್ದುದ್ದ ಇರುತ್ತದೆ. 9 ಅಡಿ ಅಗಲ, 32 ಅಡಿ ಉದ್ದ, ಕಿಟಕಿ ರಸ್ತೆ ಕಡೆಗೆ ಮಾತ್ರ ಎಂದು ಹಿಡಿಯೋಣ. ಇಲ್ಲಿ ಮೊದಲು ಗುರುತು ಹಾಕಬೇಕಾದದ್ದು ಓಡಾಡುವ ದಾರಿಗೆ. ಮೇಜಿನ ಸರದಿ ಆಮೇಲೆ.

ಎರಡೂ ಗೋಡೆಗೆ ಮೇಜು ಹಾಕಿದರೆ ಹನ್ನೆರಡು ಜನ ಹಿಡಿಸುತ್ತಾರೆ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಲೆಕ್ಕ ನೋಡಿ: ಮೇಜಿನ ಆಳ 2 ಅಡಿ, ಎರಡು ಕಡೆ ಸೇರಿ 4. ಕುರ್ಚಿ ಸರಿಸಿ ಏಳಲು ಎರಡೂವರೆ ಅಡಿ ಬೇಕು, ಎರಡು ಕಡೆ ಸೇರಿ 5. ಅಲ್ಲಿಗೆ 9 ಮುಗಿಯಿತು, ದಾರಿಯೇ ಇಲ್ಲ. ಹಿಂದೆ ಕೂತವರು ಚಹಾಕ್ಕೆ ಎದ್ದರೆ ಮುಂದಿನವರೆಲ್ಲ ಕುರ್ಚಿ ಒಳಗೆ ಎಳೆದುಕೊಳ್ಳಬೇಕು. ಒಂದೇ ಗೋಡೆಗೆ ಸಾಲು ಹಾಕಿ: 2 ಅಡಿ ಮೇಜು, ಎರಡೂವರೆ ಕುರ್ಚಿ, 3 ದಾರಿ. ಉಳಿದ ಒಂದೂವರೆ ಅಡಿಯಲ್ಲಿ ಎದುರು ಗೋಡೆಗೆ 1 ಅಡಿ ಆಳದ ಕಪಾಟು. ಕಿಟಕಿ ಪಕ್ಕಕ್ಕೆ ಬರುವುದರಿಂದ ಪರದೆಯ ಮೇಲೆ ಬಿಸಿಲು ಹೊಳೆಯುವ ಕಾಟವೂ ತಪ್ಪುತ್ತದೆ.

ಅಳತೆ ಒಂದೇ ಕಡೆ ತೆಗೆದುಕೊಂಡು ಬಡಿಗರಿಗೆ ಕೊಡಬೇಡಿ. ಎರೆಮಣ್ಣಿನ ನೆಲದಲ್ಲಿ ನಿಂತ ಹಳೆ ಗೋಡೆಗಳು ಸರಿದಿರುತ್ತವೆ, ಮೂಲೆ ಗುಣಿಯಾಕ್ಕೆ (ಲಂಬಕೋನ ನೋಡುವ ಮಟ್ಟಗೋಲು) ಕೂಡುವುದಿಲ್ಲ. ಪ್ರತಿ 4 ಅಡಿಗೊಮ್ಮೆ, ನೆಲದ ಹತ್ತಿರ, ಮೇಜಿನ ಮಟ್ಟ ಅಂದರೆ 30 ಇಂಚಿನಲ್ಲಿ, ತಲೆಯ ಮೇಲೆ ಹೀಗೆ ಮೂರು ಸಲ ಅಗಲ ಅಳೆಯಿರಿ. ಎಲ್ಲಕ್ಕಿಂತ ಕಡಿಮೆ ಬಂದದ್ದೇ ನಿಮ್ಮ ಅಗಲ. ಅದು 8 ಅಡಿ 8 ಇಂಚಾದರೆ ಕಪಾಟಿನ ಬದಿಯ ಜಾಗವನ್ನು ಕಡಿಮೆ ಮಾಡಿ, ದಾರಿಯನ್ನಲ್ಲ.

8×4ರ 18 ಎಂ.ಎಂ. ಪ್ಲೈವುಡ್ ಒಂದರಲ್ಲಿ 4×2ರ ನಾಲ್ಕು ಹಲಗೆ ಬರುತ್ತವೆ. ಆರು ಜನಕ್ಕೆ ಒಂದೂವರೆ ಹಾಳೆ. ಗರಗಸ ಪ್ರತಿ ಕೊಯ್ತಕ್ಕೂ 3-4 ಎಂ.ಎಂ. ತಿನ್ನುತ್ತದೆ, ಹಾಗಾಗಿ ಕಬ್ಬಿಣದ ಚೌಕಟ್ಟನ್ನು ಹಲಗೆ ಕೊಯ್ದ ಮೇಲೆಯೇ ಬೆಸುಗೆ ಹಾಕಿಸಿ. 1 ಇಂಚಿನ ಚೌಕ ಪೈಪು ಸಾಕು, ಆದರೆ ಅದು ನೆಲದ ಮೇಲೆ ತಾನೇ ನಿಲ್ಲಬೇಕು. ಮಣ್ಣಿನ ಗೋಡೆಯಲ್ಲಿ ಗಿಟ್ಟಿ (ಸ್ಕ್ರೂ ಕೂರಿಸುವ ಪ್ಲಗ್) ಹಿಡಿಯುವುದಿಲ್ಲ, ಮೇಜಿನ ಮೇಲೆ ಒಬ್ಬರು ಒರಗಿದರೂ ಗಾರೆ ಸಮೇತ ಕಿತ್ತು ಬರುತ್ತದೆ. ಗೋಡೆಗೂ ಹಲಗೆಗೂ 1 ಇಂಚು ಸಂದು ಬಿಡಿ. ವೈರು ಅಲ್ಲೇ ಇಳಿಯುತ್ತದೆ, ಮಳೆಗಾಲದ ತೇವ ಪ್ಲೈಗೆ ಏರುವುದಿಲ್ಲ.

ಮೇಜು 24 ಅಡಿ ತಿಂದಿತು. ಮುಂದೆ 3 ಅಡಿ ಬಾಗಿಲಿಗೆ ಬಿಟ್ಟರೆ ಹಿಂದೆ 5 ಉಳಿಯುತ್ತದೆ. ಅಲ್ಲಿ ಒಂದು ಬದಿಗೆ 4 ಅಡಿ ಚೌಕದ ಫೋನ್ ಕೋಣೆ, ನಡುವೆ 3 ಅಡಿ ದಾರಿ, ಇನ್ನೊಂದು ಬದಿಗೆ 2 ಅಡಿಯ ಚಹಾ ಕಟ್ಟೆ. ಫೋನ್ ಕೋಣೆಗೆ ಗಾಜು ಚೆಂದ, ಆದರೆ ಮಾತು ಸೋರುವುದು ಬಾಗಿಲ ಸಂದಿನಲ್ಲಿ. ಎರಡು ಪ್ಲೈ ನಡುವೆ 2 ಇಂಚು ರಾಕ್‌ವೂಲ್ (ಸದ್ದು ಹೀರುವ ಕಲ್ಲಿನ ನಾರು) ತುಂಬಿ ಬಾಗಿಲಿಗೆ ಸುತ್ತ ರಬ್ಬರ್ ಪಟ್ಟಿ ಹಚ್ಚಿ. ಹಚ್ಚಿದ ಮೇಲೆ ಉಸಿರುಗಟ್ಟುತ್ತದೆ. 4 ಇಂಚಿನ ಎಕ್ಸಾಸ್ಟ್ ಫ್ಯಾನ್ ಮರೆಯುವಂತಿಲ್ಲ.

ಟ್ಯೂಬ್‌ಲೈಟನ್ನು ದಾರಿಯ ಮೇಲೆ ಹಾಕಿದರೆ ಕೂತವರ ನೆರಳು ಅವರ ಕೆಲಸದ ಮೇಲೇ ಬೀಳುತ್ತದೆ. ಮೇಜಿನ ಅಂಚಿನ ನೇರಕ್ಕೆ ಹಾಕಿಸಿ.

ಕರೆಂಟ್ ಹೋದಾಗಿನ ಲೆಕ್ಕ: ಆರು ಲ್ಯಾಪ್‌ಟಾಪ್ 65 ವ್ಯಾಟಿನಂತೆ 390, ಮಾನಿಟರ್ 25ರಂತೆ 150, ರೌಟರ್ 15, ಮೂರು ಟ್ಯೂಬ್ 60, ಒಟ್ಟು 615. 900 ವಿಎ ಇನ್ವರ್ಟರ್, 150 ಎಎಚ್ ಬ್ಯಾಟರಿ ಹೊಸದಿದ್ದಾಗ ಸುಮಾರು ಒಂದೂವರೆ ತಾಸು ಎಳೆಯುತ್ತದೆ. ಲೇಸರ್ ಪ್ರಿಂಟರ್ ಮಾತ್ರ ಈ ಲೈನಿಗೆ ಬೇಡ: ಅದರ ಹೀಟರ್ ಒಮ್ಮೆಲೇ ಸಾವಿರ ವ್ಯಾಟಿನಷ್ಟು ಕೇಳುತ್ತದೆ, ಇನ್ವರ್ಟರ್ ಟ್ರಿಪ್ ಆಗಿ ಆರೂ ಮಾನಿಟರ್ ಕಪ್ಪಾಗುತ್ತವೆ. ಎಸಿ ಹಾಕಿಸುವುದಿದ್ದರೆ ಮೊದಲು ಹೆಸ್ಕಾಂ ವಿದ್ಯುತ್ ಬಿಲ್ಲಿನಲ್ಲಿ ಮಂಜೂರಾದ ಲೋಡ್, ಅಂದರೆ ಒಮ್ಮೆಗೆ ಎಳೆಯಬಹುದಾದ ವಿದ್ಯುತ್ತಿನ ಮಿತಿ, ಎಷ್ಟಿದೆ ನೋಡಿ. ಒಂದೇ ಕಿಲೋವ್ಯಾಟ್ ಇದ್ದರೆ ಅದನ್ನು ಹೆಚ್ಚಿಸಲು ಮಾಲೀಕರಿಂದ ಅರ್ಜಿ ಹಾಕಿಸದೆ ಜಾಗಕ್ಕೆ ಮುಂಗಡ ಕೊಡಬೇಡಿ.